ವಸುಧಾರೆಯ ಹನಿ ಯಾರ ಮೇಲೆ ಬೀಳುತ್ತದೆ?

ಶ್ರೀ ಬದರೀನಾಥನ ದರ್ಶನ ಮಾಡಿದ ಯಾತ್ರಿಕರು ಮರುದಿನ ಬೆಳಿಗ್ಗೆ ಸಾಮಾನ್ಯವಾಗಿ ಹೋಗಿಬರುವ ಪುಟ್ಟ ಊರೊಂದಿದೆ. ಅದರ ಹೆಸರು ಮಾಣಾ. ಬದರಿಯಿಂದ ಬರೀ ಮೂರು ಕಿಲೋಮೀಟರು. ಸಮುದ್ರಮಟ್ಟದಿಂದ ಸುಮಾರು 10,500 ಅಡಿ ಎತ್ತರದಲ್ಲಿ, ಅಲಕನಂದೆಯೂ ಸರಸ್ವತಿಯೂ ಕೂಡುವ ಜಾಗಕ್ಕೆ ಸಮೀಪದಲ್ಲಿ, ಕಲ್ಲಿನ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟುಕೊಂಡು ನಿಂತಿವೆ. ಹೆಂಗಸರು ಬಿಸಿಲಿಗೆ ಕೂತು ಉಣ್ಣೆ ನೂಲುತ್ತಾ, ಟೋಪಿ, ಸ್ವೆಟರ್, ಆಸನ ಹೆಣೆಯುತ್ತಾ ಮಾರುತ್ತಿರುತ್ತಾರೆ. ಇಲ್ಲಿಂದ ಮುಂದೆ ಟಿಬೆಟ್ಟಿನ ಗಡಿಯವರೆಗೆ ಈ ದಾರಿಯಲ್ಲಿ ಬೇರೆ ಊರಿಲ್ಲ.

ಹಾಗಾಗಿ ಬಹಳ ಕಾಲ ಮಾಣಾಕ್ಕೆ ‘ಭಾರತದ ಕೊನೆಯ ಹಳ್ಳಿ’ ಅಂತಲೇ ಹೆಸರು. ಚಹಾ ಅಂಗಡಿಯವರೂ ‘ಭಾರತದ ಕೊನೆಯ ಚಹಾ ಅಂಗಡಿ’ ಎಂದೇ ಬೋರ್ಡು ಬರೆಸಿಕೊಂಡಿದ್ದರು. ಆ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಯಾತ್ರಿಕರು ಕಡಿಮೆ. 2022ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿಗಳು ಅಲ್ಲಿಗೆ ಬಂದಾಗ, ಗಡಿಯ ಊರುಗಳನ್ನು ಕೊನೆಯವು ಎನ್ನದೆ ಮೊದಲನೆಯವು ಎನ್ನಬೇಕು ಎಂಬ ಮಾತು ಬಂತು. 2023ರ ಏಪ್ರಿಲ್‌ನಲ್ಲಿ ‘ಭಾರತದ ಮೊದಲ ಹಳ್ಳಿ’ ಎಂಬ ಫಲಕ ನಿಂತಿತು. ಊರು ಇದ್ದಲ್ಲೇ ಇದೆ, ಹೊಳೆ ಇದ್ದಲ್ಲೇ ಇದೆ, ನೋಡುವವರು ನಿಂತ ಕಡೆ ಬದಲಾಯಿತು ಅಷ್ಟೆ. ಈ ಮೊದಲು-ಕೊನೆಯ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಊರೊಳಗೆ ವ್ಯಾಸಗುಹೆ ಇದೆ, ಗಣೇಶಗುಹೆ ಇದೆ. ವ್ಯಾಸಗುಹೆಯ ಮೇಲಿನ ಬಂಡೆ ಪದರ ಪದರವಾಗಿ ಓಲೆಗರಿಯ ಕಟ್ಟಿನ ಹಾಗೆ ಕಾಣುತ್ತದೆ. ಇಲ್ಲೇ ಕೂತು ವ್ಯಾಸರು ಭಾರತ ಹೇಳಿದರು, ಗಣಪತಿ ಬರೆದುಕೊಂಡ ಎಂದು ಪ್ರತೀತಿ. ಸ್ವಲ್ಪ ಮುಂದೆ ಹೋದರೆ ಸರಸ್ವತಿ ನದಿ ಬಂಡೆಯ ಸೀಳಿನಿಂದ ಕಿವಿ ಕಿವುಡಾಗುವಂತೆ ಮೊರೆಯುತ್ತದೆ. ಅದರ ಮೇಲೆ ಅಡ್ಡಲಾಗಿ ಒಂದು ದೊಡ್ಡ ಬಂಡೆ. ದ್ರೌಪದಿ ದಾಟಲಾರದೆ ನಿಂತಾಗ ಭೀಮ ತಂದು ಹಾಕಿದ್ದು ಎನ್ನುತ್ತಾರೆ, ಅದೇ ಭೀಮಪುಲ್. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಕಾಲಲ್ಲಿ ಶಕ್ತಿ ಇದ್ದವರು ಇನ್ನೂ ಐದಾರು ಕಿಲೋಮೀಟರು ಹತ್ತಿ ವಸುಧಾರಾ ಜಲಪಾತಕ್ಕೆ ಹೋಗ್ತಾರೆ. ಅದಕ್ಕೂ ಮುಂದೆ ಭೂರ್ಜವೃಕ್ಷಗಳ ಲಕ್ಷ್ಮೀವನ, ಚಕ್ರತೀರ್ಥ, ಆಮೇಲೆ ಹಿಮನದಿಯ ಕಲ್ಲುರಾಶಿಯ ಮೇಲೆ ನಡೆದು ಸುಮಾರು 15,000 ಅಡಿ ಎತ್ತರದ ಸತೋಪಂಥ ಸರೋವರ. ಹಸಿರು ನೀರಿನ, ಮೂರು ಮೂಲೆಯ ಕೊಳ. ಏಕಾದಶಿಯ ದಿನ ಬ್ರಹ್ಮ, ವಿಷ್ಣು, ಮಹೇಶ್ವರರು ಒಂದೊಂದು ಮೂಲೆಯಲ್ಲಿ ಸ್ನಾನ ಮಾಡುತ್ತಾರೆಂದು ನಂಬಿಕೆ. ಪಾಂಡವರು ಸ್ವರ್ಗಕ್ಕೆ ಹೋದದ್ದು ಇದೇ ದಾರಿಯಲ್ಲಿ ಎಂದೂ ನಂಬಿಕೆ. ಸರೋವರದವರೆಗೆ ಹೋಗುವುದಕ್ಕೆ ಡೇರೆ, ಗೈಡ್, ಪರವಾನಗಿ, ಹಲವು ದಿನದ ಬಿಡುವು ಎಲ್ಲ ಬೇಕು, ಆದ್ದರಿಂದ ಆ ಮಾತು ಇಲ್ಲಿಗೆ ಸಾಕು.

ವಿಷಯ ಇರುವುದು ವಸುಧಾರೆಯಲ್ಲಿ. ಸುಮಾರು 400 ಅಡಿ ಎತ್ತರದ ಕಡಿದಾದ ಬಂಡೆಯಿಂದ ನೀರು ಬೀಳುತ್ತದೆ. ಈ ನೀರು ಪುಣ್ಯವಂತರ ಮೇಲೆ ಮಾತ್ರ ಬೀಳುತ್ತದೆ, ಪಾಪಿಗಳು ಅಡಿಯಲ್ಲಿ ಹೋಗಿ ನಿಂತರೂ ಹನಿ ಪಕ್ಕಕ್ಕೆ ಸರಿದುಬಿಡುತ್ತದೆ ಎಂದು ಅಲ್ಲಿಯವರೂ ಹೇಳುತ್ತಾರೆ, ಹೋಗಿಬಂದವರೂ ಹೇಳುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಗುಂಪಿನಲ್ಲಿ ನಗೆಚಾಟಿಕೆಗೂ ಆಗುತ್ತದೆ. ಆದರೆ ಎಲ್ಲ ಸಲವೂ ಅದು ನಗೆಯಲ್ಲೇ ಮುಗಿಯುವುದಿಲ್ಲ.

ಒಂದು ಕುಟುಂಬ ಎಂದಿಟ್ಟುಕೊಳ್ಳಿ. ಅತ್ತೆ, ಮಗ, ಸೊಸೆ, ಅತ್ತೆಯ ತಂಗಿ, ನೆಂಟರೊಬ್ಬರು. ಸೊಸೆಗೆ ಮದುವೆಯಾಗಿ ಏಳು ವರ್ಷ, ಮಕ್ಕಳಾಗಿಲ್ಲ. ಹರಕೆ ಹೊತ್ತೇ ಈ ಯಾತ್ರೆಗೆ ಬಂದದ್ದು. ಕಷ್ಟಪಟ್ಟು ಎಲ್ಲರೂ ವಸುಧಾರೆಯ ಬುಡಕ್ಕೆ ಹೋದರು. ಅತ್ತೆ ನಿಂತರು, ತುಂತುರು ತಲೆಯ ಮೇಲೆ ಬಿತ್ತು. ನೆಂಟರು ನಿಂತರು, ಮೈಯೆಲ್ಲ ನೆನೆಯಿತು. ಸೊಸೆ ಹೋಗಿ ನಿಂತಳು. ಅಷ್ಟರಲ್ಲಿ ನೀರು ಆ ಕಡೆ ಸರಿಯಿತು. ಎರಡು ನಿಮಿಷ ನಿಂತಳು, ಐದು ನಿಮಿಷ ನಿಂತಳು, ಒಂದು ಹನಿ ಬೀಳಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಇಳಿಯುವಾಗ ಚಿಕ್ಕತ್ತೆ ಮಾತ್ರ ಮೆಲ್ಲಗೆ, ‘ಏನೋ ಇರ್ಬೇಕು ಬಿಡಕ್ಕಾ, ಅದಕ್ಕೇ ಇಷ್ಟು ವರ್ಷವಾದ್ರೂ...’ ಎಂದರು. ಮಾತು ಅರ್ಧಕ್ಕೇ ನಿಂತಿತು. ಅರ್ಧಕ್ಕೆ ನಿಂತ ಮಾತೇ ಹೆಚ್ಚು ಚುಚ್ಚುವುದು. ಆ ರಾತ್ರಿ ಬದರಿಯ ಛತ್ರದಲ್ಲಿ ಆ ಹುಡುಗಿ ರಜಾಯಿಯೊಳಗೆ ಕಣ್ಣು ಬಿಟ್ಟುಕೊಂಡು ಮಲಗಿ, ತಾನು ಮಾಡಿದ ಪಾಪ ಯಾವುದಿರಬಹುದು ಎಂದು ಚಿಕ್ಕಂದಿನಿಂದ ಲೆಕ್ಕ ಹಾಕುತ್ತಾಳೆ. ಪಕ್ಕದ ಕೋಣೆಯಲ್ಲಿ ಮೈಯೆಲ್ಲ ನೆನೆದ ಆ ನೆಂಟರು ನೆಮ್ಮದಿಯಾಗಿ ಗೊರಕೆ ಹೊಡೀತಾರೆ. ತಮ್ಮನ ಪಾಲಿಗೆ ಬರಬೇಕಾದ ಗದ್ದೆಯನ್ನು ಹನ್ನೆರಡು ವರ್ಷದಿಂದ ಬಿಟ್ಟುಕೊಡದೆ ಕೋರ್ಟಿಗೆ ಅಲೆಸುತ್ತಿರುವವರು ಅವರೇ. ಅವರಿಗೀಗ ಆ ಚಿಂತೆಯೂ ಇಲ್ಲ, ವಸುಧಾರೆಯೇ ರಸೀತಿ ಕೊಟ್ಟಾಯಿತಲ್ಲ.

ಇದು ಕಟ್ಟಿದ ಕಥೆ. ಆದರೆ ಇಂಥ ಸೊಸೆಯೂ ಇಂಥ ನೆಂಟರೂ ಇಲ್ಲದ ಯಾತ್ರೆಯ ಬಸ್ಸು ಯಾವುದಿದೆ?

ನೀರು ಯಾಕೆ ಸರಿಯುತ್ತದೆ ಎಂಬುದನ್ನು ಅಲ್ಲಿ ಅರ್ಧ ದಿನ ಕೂತು ನೋಡಿದವರು ಯಾರಾದರೂ ಹೇಳಬಲ್ಲರು. ಅಷ್ಟು ಎತ್ತರದಿಂದ ಬೀಳುವ ನೀರು ಕೆಳಗೆ ಬರುವಷ್ಟರಲ್ಲಿ ಧಾರೆಯಾಗಿ ಉಳಿಯುವುದಿಲ್ಲ. ನಡುವೆಯೇ ಒಡೆದು ತುಂತುರಾಗುತ್ತದೆ. ತುಂತುರನ್ನು ಗಾಳಿ ಎತ್ತ ಬೇಕಾದರೂ ಒಯ್ಯುತ್ತದೆ. ಹಿಮಾಲಯದ ಕಣಿವೆಗಳಲ್ಲಿ ಬೆಳಿಗ್ಗೆ ಗಾಳಿ ಕಡಿಮೆ. ಬಿಸಿಲೇರಿದಂತೆ ಕಣಿವೆಯ ಕೆಳಗಿನಿಂದ ಮೇಲಕ್ಕೆ ಗಾಳಿ ಏಳುತ್ತದೆ, ಮಧ್ಯಾಹ್ನದ ಮೇಲೆ ಬಲವಾಗಿ ಬೀಸುತ್ತದೆ. ಹಾಗೆ ನೋಡಿದರೆ ಬೆಳಗಿನ ಜಾವವೇ ಎದ್ದು ಹೊರಟವರು ಪುಣ್ಯವಂತರು, ತಿಂಡಿ ಮುಗಿಸಿ ನಿಧಾನಕ್ಕೆ ಹೊರಟವರು ಪಾಪಿಗಳು ಎಂದಾಗುತ್ತದೆ. ಹಿರಿಯರು ಬ್ರಾಹ್ಮೀ ಮುಹೂರ್ತಕ್ಕೆ ಏಳಿ ಎಂದದ್ದಕ್ಕೆ ಇದೂ ಒಂದು ಕಾರಣವೆಂದು ಬೇಕಾದರೆ ಹೇಳಿಕೊಳ್ಳಬಹುದು!

ಹಾಗಂತ ಹಿರಿಯರ ನಂಬಿಕೆಯನ್ನು ನಕ್ಕು ತಳ್ಳಿಹಾಕುವುದೂ ಸರಿಯಲ್ಲ. ಅಷ್ಟು ದೂರ, ಅಷ್ಟು ಚಳಿಯಲ್ಲಿ ಹತ್ತಿಬಂದ ಮನುಷ್ಯ ತಣ್ಣೀರಿನ ಕೆಳಗೆ ತಲೆಯೊಡ್ಡುವ ಮೊದಲು ಒಂದು ಕ್ಷಣ ‘ನಾನು ಹೇಗೆ ಬದುಕಿದ್ದೇನೆ’ ಎಂದು ಕೇಳಿಕೊಳ್ಳಲಿ ಎಂಬ ಉದ್ದೇಶ ಇದ್ದಿರಬಹುದು. ತನ್ನ ತಲೆಯ ಮೇಲೆ ಹನಿ ಬಿತ್ತೋ ಇಲ್ಲವೋ ಎಂದು ನೋಡಿಕೊಂಡರೆ ಅದು ಆತ್ಮಪರೀಕ್ಷೆ. ಪಕ್ಕದವರ ತಲೆ ನೋಡುವುದಕ್ಕೆ ಶುರುಮಾಡಿದಾಗ ಅದು ತೀರ್ಪು. ನಂಬಿಕೆ ಒಂದೇ, ಕಣ್ಣು ಎಲ್ಲಿದೆ ಎಂಬುದರ ಮೇಲೆ ಔಷಧಿಯೂ ಆಗುತ್ತದೆ, ವಿಷವೂ ಆಗುತ್ತದೆ. ಕಷ್ಟವೇನೆಂದರೆ ಗುಂಪಿನಲ್ಲಿ ಹೋದಾಗ ಕಣ್ಣು ಪಕ್ಕದವರ ಕಡೆಗೇ ಹೋಗುತ್ತದೆ.

ಈಗ ಅದೇ ದಾರಿಯಲ್ಲಿ ನಡೆದರೆಂದು ಹೇಳುವ ಪಾಂಡವರ ವಿಚಾರಕ್ಕೆ ಬರೋಣ. ಕುಮಾರವ್ಯಾಸ ತನ್ನ ಭಾರತವನ್ನು ಗದಾಪರ್ವಕ್ಕೇ ಮುಗಿಸಿದ. ಉಳಿದದ್ದನ್ನು ತಿಮ್ಮಣ್ಣಕವಿ ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ಹೇಳಿದ. ಹಾಗಾಗಿ ಗಮಕ ಕೇಳಿ ಬೆಳೆದ ಕನ್ನಡದವರ ಕಿವಿಗೆ ಈ ಕೊನೆಯ ನಡಿಗೆ ಅಷ್ಟಾಗಿ ಬಿದ್ದಿಲ್ಲ. ವ್ಯಾಸಭಾರತದ ಹದಿನೇಳನೆಯ ಪರ್ವ, ಮಹಾಪ್ರಸ್ಥಾನಿಕ ಪರ್ವ, ಬಹಳ ಚಿಕ್ಕದು. ಅದರಲ್ಲಿ ಮಾಣಾ ಎಂಬ ಹೆಸರಿಲ್ಲ, ವಸುಧಾರೆಯೂ ಇಲ್ಲ. ಹಿಮವಂತನನ್ನು ದಾಟಿ, ಮರಳ ಕಡಲನ್ನು ಕಂಡು, ಮೇರುವಿನ ಕಡೆ ನಡೆದರು ಎಂದಿದೆ. ಮಾಣಾದವರು ತಮ್ಮ ಬೆಟ್ಟದ ಒಂದೊಂದು ತಿರುವಿಗೂ ಒಬ್ಬೊಬ್ಬರ ಹೆಸರು ಕೊಟ್ಟು, ಇಲ್ಲಿ ಇವರು ಬಿದ್ದರು, ಅಲ್ಲಿ ಅವರು ಬಿದ್ದರು ಎಂದು ತೋರಿಸುತ್ತಾರೆ. ಅದು ಅವರ ಪ್ರೀತಿ.

ಹಸ್ತಿನಾವತಿಯಿಂದ ಹೊರಟವರು ಆರು ಜನ. ಐವರು ಅಣ್ಣತಮ್ಮಂದಿರು, ದ್ರೌಪದಿ. ಏಳನೆಯದಾಗಿ ಒಂದು ನಾಯಿ, ಕರೆಯದೆ ಹಿಂದೆ ಬಂತು. ಎಲ್ಲರಿಗಿಂತ ಮುಂದೆ ಧರ್ಮರಾಯ, ಎಲ್ಲರಿಗಿಂತ ಹಿಂದೆ ಆ ನಾಯಿ. ಮೊದಲು ದ್ರೌಪದಿ ಬಿದ್ದಳು. ಭೀಮ ಕೇಳಿದ: ಇವಳು ಯಾವ ಅಧರ್ಮವನ್ನೂ ಮಾಡಿದವಳಲ್ಲವಲ್ಲ, ಯಾಕೆ ಬಿದ್ದಳು? ಅರ್ಜುನನ ಮೇಲೆ ಅವಳಿಗೆ ಹೆಚ್ಚು ಪಕ್ಷಪಾತವಿತ್ತು ಎಂದು ಧರ್ಮರಾಯ ಹೇಳಿ ಮುಂದೆ ನಡೆದ. ಹಿಂದಿರುಗಿ ನೋಡಲಿಲ್ಲ. ಸಹದೇವ ಬಿದ್ದ, ಜಾಣತನದ ಹಮ್ಮಿತ್ತು. ನಕುಲ ಬಿದ್ದ, ರೂಪದ ಹಮ್ಮಿತ್ತು. ಅರ್ಜುನ ಬಿದ್ದ, ಶತ್ರುಗಳನ್ನೆಲ್ಲ ಒಂದೇ ದಿನದಲ್ಲಿ ಸುಡುತ್ತೇನೆಂದು ಆಡಿ, ಆಡಿದಂತೆ ಮಾಡಲಿಲ್ಲ. ಕಡೆಗೆ ಭೀಮನೇ ಬಿದ್ದ. ಬಿದ್ದಲ್ಲಿಂದಲೇ ಕೂಗಿ ಕೇಳಿದ: ಅಣ್ಣಾ, ನಾನು ನಿನಗೆ ಪ್ರೀತಿಯವನು, ನಾನು ಯಾಕೆ ಬಿದ್ದೆ? ನೀನು ಮಿತಿಮೀರಿ ಉಂಡೆ, ಇನ್ನೊಬ್ಬರನ್ನು ಲೆಕ್ಕಿಸದೆ ನಿನ್ನ ಬಲ ಕೊಚ್ಚಿಕೊಂಡೆ ಎಂದು ಧರ್ಮರಾಯ ಉತ್ತರ ಕೊಟ್ಟು ನಡೆದೇಬಿಟ್ಟ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಳ ಪ್ರವಚನಕಾರರು ಇಲ್ಲಿ ನಿಲ್ಲುವುದಿಲ್ಲ, ಪ್ರತಿಯೊಬ್ಬರ ದೋಷವನ್ನೂ ಹೇಳಿ, ಅಹಂಕಾರ ಬಿಡಬೇಕು ಎಂದು ಉಪದೇಶ ಮಾಡಿ ಮುಂದೆ ಹೋಗಿಬಿಡ್ತಾರೆ. ಆದರೆ ಆ ಐದು ದೋಷಗಳನ್ನು ನೋಡಿ. ಐದು ಗಂಡಂದಿರಲ್ಲಿ ಒಬ್ಬನ ಮೇಲೆ ಒಂದಿಷ್ಟು ಹೆಚ್ಚು ಪ್ರೀತಿ. ಹೊಟ್ಟೆತುಂಬ ಊಟ. ಚೆಂದದ ಮುಖದ ಮೇಲೆ ತುಸು ಗರ್ವ. ಇವು ಯಾವ ಮನೆಯಲ್ಲಿಲ್ಲ? ಇವುಗಳಿಗಾಗಿ ಹಿಮದಲ್ಲಿ ಬಿದ್ದು ಸಾಯಬೇಕೆ? ಜೀವನವೆಲ್ಲ ಅಣ್ಣನ ಜೂಜಿಗೂ ಅಣ್ಣನ ಮಾತಿಗೂ ಕಟ್ಟುಬಿದ್ದು ಕಾಡು ಅಲೆದವರಿಗೆ ಅಣ್ಣ ಕೊನೆಗೆ ಹೇಳಿದ್ದು ಇಷ್ಟೇ. ಬಿದ್ದವರ ಪಕ್ಕದಲ್ಲಿ ನಿಂತು, ನಿನ್ನ ಪಾಪದಿಂದ ಬಿದ್ದೆ ಎನ್ನುವುದು, ಸೊಸೆಯ ತಲೆ ನೆನೆಯಲಿಲ್ಲವೆಂದು ‘ಏನೋ ಇರ್ಬೇಕು’ ಎನ್ನುವುದಕ್ಕಿಂತ ಬಹಳ ಬೇರೆಯೇ?

ಬೇರೆ ಎನ್ನುವವರ ವಾದವೂ ಇದೆ. ಮಹಾಪ್ರಸ್ಥಾನವೆಂದರೆ ಸಾಯುವುದಕ್ಕೆಂದೇ ಹೊರಟ ನಡಿಗೆ. ಎಲ್ಲ ಸಂಬಂಧಗಳನ್ನೂ ಕಳಚಿಟ್ಟು, ಅಗ್ನಿಯನ್ನು ನೀರಿಗೆ ಬಿಟ್ಟು, ನಾರುಡೆ ಉಟ್ಟು ಹೊರಟವರು. ಅಲ್ಲಿ ಬೀಳುವುದು ಅಪಘಾತವಾಗುವುದಿಲ್ಲ, ತಲುಪುವುದೇ ಆಗುತ್ತದೆ. ಎತ್ತಿ ಹೊತ್ತು ಮನೆಗೆ ಕರೆತರಲು ಮನೆಯೇ ಇಲ್ಲ. ಈ ವಾದದಲ್ಲಿ ತಥ್ಯವಿದೆ. ಆದರೂ ಭೀಮನ ಆ ಕೂಗು ಮಾತ್ರ ಹಾಗೇ ಉಳಿಯುತ್ತದೆ.

ಕೊನೆಗೆ ಉಳಿದದ್ದು ಎಲ್ಲರಿಗಿಂತ ಮುಂದಿದ್ದವನು ಮತ್ತು ಎಲ್ಲರಿಗಿಂತ ಹಿಂದಿದ್ದದ್ದು. ಇಂದ್ರ ರಥ ತಂದ. ಧರ್ಮರಾಯ ಮೊದಲು ಕೇಳಿದ್ದು ತಮ್ಮಂದಿರನ್ನು, ದ್ರೌಪದಿಯನ್ನು: ಅವರಿಲ್ಲದೆ ಬರುವುದಿಲ್ಲ. ಅವರು ದೇಹ ಬಿಟ್ಟು ಆಗಲೇ ಹೋಗಿದ್ದಾರೆ, ನೀನು ಹತ್ತು ಎಂದ ಇಂದ್ರ. ಆಗ ನಾಯಿಯ ಮಾತು ಬಂತು. ಸ್ವರ್ಗದಲ್ಲಿ ನಾಯಿಗೆ ಜಾಗವಿಲ್ಲ. ನನ್ನನ್ನೇ ನಂಬಿ ಬಂದದ್ದನ್ನು ಬಿಟ್ಟು ಬರಲಾರೆ ಎಂದು ಧರ್ಮರಾಯ ನಿಂತುಬಿಟ್ಟ. ಇಂದ್ರ ಬಿಡಲಿಲ್ಲ, ನಮ್ಮೆಲ್ಲರ ಪರವಾಗಿ ಕೇಳಿಯೇಬಿಟ್ಟ: ಹೆಂಡತಿಯನ್ನು ಬಿಟ್ಟೆ, ತಮ್ಮಂದಿರನ್ನು ಬಿಟ್ಟೆ, ಈ ನಾಯಿಯನ್ನು ಬಿಡುವುದಕ್ಕೇನು? ಧರ್ಮರಾಯನ ಉತ್ತರ ನೇರವಾಗಿದೆ. ಸತ್ತವರೊಡನೆ ಸ್ನೇಹವೂ ಇಲ್ಲ, ಜಗಳವೂ ಇಲ್ಲ. ಅವರನ್ನು ಬದುಕಿಸುವುದು ನನ್ನಿಂದಾಗದು. ಅವರು ಸತ್ತ ಮೇಲೆ ಬಿಟ್ಟೆನೇ ಹೊರತು ಬದುಕಿದ್ದಾಗ ಬಿಡಲಿಲ್ಲ. ಈ ನಾಯಿ ಬದುಕಿದೆ, ನನ್ನನ್ನು ನಂಬಿದೆ. ಶರಣು ಬಂದವರನ್ನು ಕೈಬಿಡುವುದು, ಹೆಂಗಸನ್ನು ಕೊಲ್ಲುವುದು, ಬ್ರಾಹ್ಮಣನ ಸ್ವತ್ತು ಕದಿಯುವುದು, ಸ್ನೇಹಿತನಿಗೆ ದ್ರೋಹ ಮಾಡುವುದು, ಈ ನಾಲ್ಕೂ ಸೇರಿ ಎಷ್ಟೋ ನಂಬಿದವರನ್ನು ಬಿಡುವುದೊಂದೇ ಅಷ್ಟು ಎಂದ. ನಾಯಿ ತನ್ನ ನಿಜರೂಪ ತಾಳಿತು, ಅದು ಸಾಕ್ಷಾತ್ ಧರ್ಮದೇವತೆ.

ಎಲ್ಲರಿಗೂ ಗೊತ್ತಿರುವ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ‘ಸತ್ತ ಮೇಲೆ ಬಿಟ್ಟೆ’ ಎಂಬ ಮಾತು ಪೂರ್ತಿ ಕೂಡಿಬರುವುದಿಲ್ಲ. ಭೀಮ ಬಿದ್ದ ಮೇಲೂ ಮಾತಾಡಿದನಲ್ಲ! ಕೂಗಿ ಪ್ರಶ್ನೆ ಕೇಳಿದವನು ಸತ್ತವನಾಗುವುದು ಹೇಗೆ? ವ್ಯಾಸರಿಗೆ ಇದು ಕಾಣಲಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬೇಡ. ಕಂಡದ್ದರಿಂದಲೇ ಇರಬೇಕು, ಅವರು ಇನ್ನೂ ಒಂದು ಪರ್ವ ಬರೆದರು.

ಹದಿನೆಂಟನೆಯದು ಸ್ವರ್ಗಾರೋಹಣ ಪರ್ವ. ಧರ್ಮರಾಯ ಸ್ವರ್ಗಕ್ಕೆ ಹೋಗಿ ನೋಡುತ್ತಾನೆ, ದುರ್ಯೋಧನ ಸಿಂಹಾಸನದ ಮೇಲೆ ಹೊಳೆಯುತ್ತಾ ಕೂತಿದ್ದಾನೆ. ತಮ್ಮಂದಿರಿಲ್ಲ. ಅವರಿರುವಲ್ಲಿಗೆ ಕರೆದೊಯ್ಯಿರಿ ಎಂದ. ದೇವದೂತ ಕರೆದೊಯ್ದ ದಾರಿ ಕತ್ತಲು, ದುರ್ವಾಸನೆ, ಕೊಳೆತ ಹೆಣ, ಕುದಿಯುವ ನೀರು. ಧರ್ಮರಾಯನಿಗೇ ತಡೆಯಲಾಗಲಿಲ್ಲ. ಹಿಂದಕ್ಕೆ ಹೊರಟ. ಹೌದು, ಹೊರಟೇಬಿಟ್ಟಿದ್ದ. ಆಗ ಕತ್ತಲೊಳಗಿಂದ ದನಿಗಳು ಬಂದವು: ಸ್ವಲ್ಪ ಹೊತ್ತು ನಿಲ್ಲು, ನಿನ್ನ ಮೈಮೇಲಿಂದ ಬೀಸುವ ಗಾಳಿ ತಂಪಾಗಿದೆ, ನೀನು ನಿಂತಷ್ಟು ಹೊತ್ತು ನಮಗೆ ನೋವಿಲ್ಲ. ಯಾರು ನೀವು ಎಂದ. ನಾನು ಕರ್ಣ, ನಾನು ಭೀಮ, ನಾನು ಅರ್ಜುನ, ನಾನು ನಕುಲ, ನಾನು ಸಹದೇವ, ನಾನು ದ್ರೌಪದಿ. ಬೆಟ್ಟದಲ್ಲಿ ಹಿಂದಿರುಗಿ ನೋಡದವನು ಇಲ್ಲಿ ನಿಂತ. ಯಾರ ಯಾವ ದೋಷದಿಂದ ಇಲ್ಲಿದ್ದೀರಿ ಎಂದು ಈ ಸಲ ಲೆಕ್ಕ ಹೇಳಲಿಲ್ಲ. ದೂತನಿಗೆ, ನೀನು ಹೋಗು, ನಾನಿಲ್ಲೇ ಇರುತ್ತೇನೆ, ನಾನಿದ್ದರೆ ಇವರಿಗೆ ಸಮಾಧಾನ ಎಂದ. ಅಷ್ಟೇ, ನರಕ ಕರಗಿಹೋಯಿತು. ಇಂದ್ರ ಬಂದು ಹೇಳಿದ ಮಾತು ಇನ್ನೂ ಮುಖ್ಯ: ಅಶ್ವತ್ಥಾಮನ ಸಾವಿನ ಮಾತಾಡಿ ದ್ರೋಣನನ್ನು ವಂಚಿಸಿದೆಯಲ್ಲ, ಅದಕ್ಕಾಗಿ ನಿನಗೂ ನರಕ ತೋರಿಸಬೇಕಾಯಿತು.

ಅಂದರೆ ಧರ್ಮರಾಯನ ಲೆಕ್ಕದಲ್ಲೂ ಒಂದು ಸುಳ್ಳಿತ್ತು. ಆ ದಿನ ಅವನು ವಸುಧಾರೆಯ ಕೆಳಗೆ ನಿಂತಿದ್ದರೆ ನೀರು ಎತ್ತ ಬೀಳುತ್ತಿತ್ತು ಎಂದು ಯಾರು ಹೇಳಬಲ್ಲರು? ಹನಿ ಬೀಳುವುದೇ ಪುಣ್ಯದ ಗುರುತಾದರೆ ಆ ಆರು ಜನರಲ್ಲಿ ಒಬ್ಬರೂ ನೆನೆಯುತ್ತಿರಲಿಲ್ಲ. ಬಹುಶಃ ನಾಯಿ ಮಾತ್ರ ಒದ್ದೆಯಾಗಿ, ಮೈ ಕೊಡವಿಕೊಂಡು, ಪಕ್ಕದಲ್ಲಿದ್ದವರಿಗೆಲ್ಲ ಎರಚುತ್ತಿತ್ತು.

ಇದೇ ಬದರಿಯಿಂದ ಮೇಲಕ್ಕೆ ನಡೆದುಹೋದ ಇನ್ನೊಬ್ಬರ ಕಥೆ ಕನ್ನಡನಾಡಿನವರಿಗೆ ಹತ್ತಿರದ್ದು. ಹದಿಮೂರನೆಯ ಶತಮಾನದಲ್ಲಿ ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಶ್ರೀ ಮಧ್ವಾಚಾರ್ಯರು ಬದರಿಗೆ ಹೋಗಿ ಅನಂತಮಠದಲ್ಲಿ ತಂಗಿದ್ದರು, 48 ದಿನ ಮೌನವ್ರತ ಹಿಡಿದಿದ್ದರು, ಆಮೇಲೆ ವ್ಯಾಸರನ್ನು ಕಾಣಲು ಒಬ್ಬರೇ ಉತ್ತರಬದರಿಗೆ ಹೊರಟರು ಎಂದು ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ ಹೇಳುತ್ತದೆ. ಹೊರಡುವ ಮುನ್ನ ಶಿಷ್ಯರಿಗೆ ಚೀಟಿ ಬರೆದಿಟ್ಟರು. ಮರಳಿ ಬರುತ್ತಾರೋ ಇಲ್ಲವೋ ಎಂದು ಶಿಷ್ಯರಿಗೆ ಸಂಕಟ. ಅವರಲ್ಲಿ ಸತ್ಯತೀರ್ಥರಿಗೆ ತಡೆಯಲಾಗದೆ ಹಿಂದೆಯೇ ಓಡಿದರು. ಗುರುಗಳು ಬಂಡೆಯಿಂದ ಬಂಡೆಗೆ ಹಾರುತ್ತಾ ಹೋಗುತ್ತಿದ್ದಾರೆ, ಶಿಷ್ಯ ದಿನವೆಲ್ಲ ಓಡಿದರೂ ಸಿಗುತ್ತಿಲ್ಲ, ಸೂರ್ಯ ಮುಳುಗುತ್ತಾ ಬಂದ. ಆಗ ಗುರುಗಳು ಹಿಂದಿರುಗಿ ನೋಡಿದರು. ಕೈಬೀಸಿ ಹಿಂದಕ್ಕೆ ಕಳಿಸಿದರು. ಆ ಕೈಬೀಸಿನಿಂದಲೇ ಸತ್ಯತೀರ್ಥರು ಕ್ಷಣದಲ್ಲಿ ಮಠದಲ್ಲಿದ್ದ ಜೊತೆಗಾರರನ್ನು ಸೇರಿಕೊಂಡರಂತೆ. ಜೊತೆಗೆ ಕರೆದೊಯ್ಯಲಿಲ್ಲ, ನಿಜ. ಎಲ್ಲರೂ ಎಲ್ಲ ಎತ್ತರಕ್ಕೂ ಹೋಗಲಾಗುವುದಿಲ್ಲ. ಆದರೆ ಕತ್ತಲಾಗುವ ಹೊತ್ತಿಗೆ ಹಿಮದಲ್ಲಿ ಒಬ್ಬನನ್ನೇ ಬಿಟ್ಟೂ ಹೋಗಲಿಲ್ಲ. ಅವನು ಸುರಕ್ಷಿತವಾಗಿ ಊರು ಸೇರುವುದು ತಮ್ಮ ಪಯಣಕ್ಕೆ ಸೇರಿದ ಕೆಲಸ ಎಂದು ಗುರುಗಳು ತಿಳಿದರು.

ಮಾಣಾದ ಜನರೂ ಬಿಟ್ಟು ಹೋಗುವುದನ್ನು ಚೆನ್ನಾಗಿ ಬಲ್ಲವರು. ಅವರು ಭೋಟಿಯಾ ಜನಾಂಗದವರು. 1962ರ ಯುದ್ಧದವರೆಗೆ ಮಾಣಾ ಘಟ್ಟ ದಾಟಿ ಟಿಬೆಟ್ಟಿನೊಡನೆ ವ್ಯಾಪಾರ ಮಾಡುತ್ತಿದ್ದರು. ಕುರಿ ಮೇಕೆಗಳ ಬೆನ್ನಿಗೆ ಸಣ್ಣ ಚೀಲ ಕಟ್ಟಿ ಇಲ್ಲಿಂದ ಧಾನ್ಯ ಒಯ್ದು ಅಲ್ಲಿಂದ ಉಪ್ಪು, ಉಣ್ಣೆ ತರುತ್ತಿದ್ದರು. ಯುದ್ಧದೊಂದಿಗೆ ಆ ದಾರಿ ಮುಚ್ಚಿತು. ಬೇಸಿಗೆಯಲ್ಲಿ ಮಾತ್ರ ಅವರಿಗೆ ಮಾಣಾ. ಚಳಿಗಾಲಕ್ಕೆ ಇಡೀ ಊರು ಕೆಳಗಿನ ಊರುಗಳಿಗೆ ಇಳಿಯುತ್ತದೆ. ಮುದುಕರು, ಕೂಸುಗಳು, ದನಕರು ಎಲ್ಲ ಹೋಗಬೇಕು. ಯಾಕೆಂದರೆ ಆರು ತಿಂಗಳು ಹಿಮದಡಿ ಉಳಿದವರು ಉಳಿಯಲಾರರು.

ಹಾಗೆ ಹೋಗುವಾಗ ಒಬ್ಬನನ್ನು ಬಿಟ್ಟುಹೋಗಬೇಕಾಗುತ್ತದೆ, ಆತ ಬದರೀನಾಥ. ನವೆಂಬರಿನ ಹೊತ್ತಿಗೆ ಗುಡಿಯ ಬಾಗಿಲು ಮುಚ್ಚುತ್ತದೆ. ಅದಕ್ಕಾಗಿ ಮಾಣಾದ ಕನ್ಯೆಯರು ಉಣ್ಣೆಯ ಕಂಬಳಿಯೊಂದನ್ನು ನೇಯುತ್ತಾರೆ. ಅದಕ್ಕೆ ತುಪ್ಪ ಸವರಿ, ಬಾಗಿಲು ಹಾಕುವ ದಿನ ಸ್ವಾಮಿಗೆ ಹೊದಿಸುತ್ತಾರೆ. ಮತ್ತೆ ಬೇಸಿಗೆಯಲ್ಲಿ ಬಾಗಿಲು ತೆರೆದಾಗ ಅದೇ ಕಂಬಳಿ ಭಕ್ತರಿಗೆ ಪ್ರಸಾದ. ಜಗತ್ತನ್ನೇ ಹೊದ್ದವನಿಗೆ ಚಳಿಯೇ ಎಂದು ತರ್ಕ ಮಾಡುವವರು ಮಾಡಲಿ. ಬಿಟ್ಟು ಹೋಗಲೇಬೇಕಾದಾಗ ಹೊದಿಸಿ ಹೋಗುವುದು ಆ ಊರಿನ ಹೆಣ್ಣುಮಕ್ಕಳು ಕಲಿತ ರೀತಿ.

ಊರು ಖಾಲಿಯಾದ ಮೇಲೂ ಅಲ್ಲಿ ಉಳಿಯುವವರಿದ್ದಾರೆ. ಸೈನಿಕರು, ಗಡಿ ಕಾಯುವವರು, ದಾರಿಯ ಹಿಮ ತೆಗೆಯುವ ಕೂಲಿಗಳು. 2025ರ ಫೆಬ್ರವರಿ 28ರ ಬೆಳಿಗ್ಗೆ ಮಾಣಾ ಮತ್ತು ಬದರಿಯ ನಡುವೆ ಗಡಿರಸ್ತೆ ಸಂಸ್ಥೆಯ ಕೆಲಸಗಾರರ ಶಿಬಿರದ ಮೇಲೆ ಹಿಮಪಾತ ಕುಸಿಯಿತು. ಕಬ್ಬಿಣದ ಡಬ್ಬಿಮನೆಗಳೊಳಗೆ ಇದ್ದ 54 ಜನ ಹಿಮದಡಿ ಸಿಕ್ಕಿದರು. ಬೇರೆ ಬೇರೆ ರಾಜ್ಯಗಳಿಂದ ಹೊಟ್ಟೆಪಾಡಿಗೆ ಬಂದವರು. ಹಿಮ ಬೀಳುತ್ತಲೇ ಇತ್ತು, ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಹುಡುಕುವವರು ಮೂರು ದಿನ ಹುಡುಕಿದರು. ಮೂಸಿ ಪತ್ತೆ ಮಾಡುವ ನಾಯಿಗಳನ್ನೂ ತಂದರು. 46 ಜನ ಬದುಕಿದರು, 8 ಜನ ತೀರಿಕೊಂಡರು. ಕೊನೆಯವನ ದೇಹ ಸಿಗುವವರೆಗೆ, ಅಂದರೆ ಮಾರ್ಚ್ 2ರವರೆಗೆ, ಕೆಲಸ ನಿಲ್ಲಿಸಲಿಲ್ಲ. ಸತ್ತವರನ್ನು ಬದುಕಿಸಲಾಗುವುದಿಲ್ಲ ಎಂಬುದು ಆ ಹುಡುಕುವವರಿಗೂ ಗೊತ್ತಿತ್ತು. ಸತ್ತಿದ್ದಾನೆಯೇ ಎಂದು ಗೊತ್ತಾಗುವವರೆಗೆ ಬಿಡುವಂತಿಲ್ಲ, ಗೊತ್ತಾದ ಮೇಲೂ ಅವನ ಮನೆಯವರಿಗಾಗಿ ತೆಗೆಯಬೇಕು ಎಂದು ಅವರು ಬಗೆದರು. ಆ ಎಂಟು ಜನರಲ್ಲಿ ಯಾರಿಗೆ ಯಾವ ದೋಷವಿತ್ತು ಎಂದು ಯಾರೂ ಕೇಳಲಿಲ್ಲ. ಬೇಸಿಗೆಯಲ್ಲಿ ಯಾತ್ರಿಕರ ಜೀಪು ಮಾಣಾದವರೆಗೆ ಸಲೀಸಾಗಿ ಹೋಗುವುದು ಇಂಥವರು ಹಸನು ಮಾಡಿದ ದಾರಿಯ ಮೇಲೆ.

ಈಗ ಯಾತ್ರಿಕರ ಮಾತು. ಪ್ರತಿ ಗುಂಪಿನಲ್ಲೂ ಮಂಡಿನೋವಿನವರು ಒಬ್ಬರಿರ್ತಾರೆ, ಏದುಸಿರಿನವರು ಒಬ್ಬರಿರ್ತಾರೆ. ಭೀಮಪುಲ್‌ವರೆಗೆ ಬಂದು, ‘ನೀವು ಹೋಗ್ಬನ್ನಿ, ನಾನು ಇಲ್ಲೇ ಕೂತಿರ್ತೀನಿ’ ಎಂದು ಅವರೇ ಹೇಳುತ್ತಾರೆ. ಹಾಗೆ ಹೇಳುವಾಗ ಅವರ ಮುಖ ಯಾರೂ ನೋಡುವುದಿಲ್ಲ. ಹೋಗುವ ಉತ್ಸಾಹದಲ್ಲಿರುವವರಿಗೆ ಆ ಮಾತು ಅನುಮತಿಯಾಗಿ ಕೇಳಿಸುತ್ತದೆ. ಐದು ಗಂಟೆ, ಆರು ಗಂಟೆ ಆ ತಾಯಿ ಭಾಷೆ ಬರದ ಊರಿನಲ್ಲಿ, ಕಲ್ಲಿನ ಮೇಲೆ, ಶಾಲು ಬಿಗಿದುಕೊಂಡು ಕೂತಿರುತ್ತಾರೆ. ಅವರನ್ನು ಹೊತ್ತೇ ಒಯ್ಯಬೇಕೆಂದೇನೂ ಇಲ್ಲ. ಬೆನ್ನಿಗೆ ಬುಟ್ಟಿ ಕಟ್ಟಿ ಹೊರುವವರು ಊರಿನಲ್ಲಿ ಸಿಗುತ್ತಾರೆ, ಆದರೆ ಎಲ್ಲ ದೇಹಕ್ಕೂ ಅದು ಆಗಿಬರುವುದಿಲ್ಲ. ಒಬ್ಬರು ಜೊತೆಗೆ ಕೂತರೆ ಆಯಿತು. ಆ ಒಬ್ಬರು ಯಾರು ಎಂಬುದೇ ಕಷ್ಟದ ಪ್ರಶ್ನೆ. ಪ್ರತಿ ಸಲವೂ ಸೊಸೆಯೇ ಕೂರುವುದು ನ್ಯಾಯವಲ್ಲ. ಮಗನೂ ಒಮ್ಮೆ ವಸುಧಾರೆ ಬಿಟ್ಟು ಕೂರಬಹುದು.

ಇನ್ನೊಂದು ವಿಷಯ ಎಲ್ಲರೂ ತಿಳಿದಿರಬೇಕು. ಹತ್ತು ಸಾವಿರ ಅಡಿಯ ಮೇಲೆ ಗಾಳಿ ತೆಳು. ತಲೆನೋವು, ವಾಂತಿ ಬಂದರೆ ಇನ್ನೂ ಮೇಲೆ ಹತ್ತಬಾರದು. ಸುಮ್ಮನೆ ಕೂತಾಗಲೂ ಏದುಸಿರು, ತೂರಾಡುವ ನಡಿಗೆ, ತಡವರಿಸುವ ಮಾತು ಕಂಡರೆ ಕೂಡಲೇ ಕೆಳಗಿಳಿಸಬೇಕು, ವೈದ್ಯರಿಗೆ ತೋರಿಸಬೇಕು. ಅಂಥವರನ್ನು ಒಬ್ಬರನ್ನೇ ಇಳಿಯಲು ಬಿಡಕೂಡದು. ‘ಪಾಪದ ಫಲ, ಸ್ವಾಮಿ ಕರೆಸಿಕೊಳ್ಳಲಿಲ್ಲ’ ಎಂದು ಗೊಣಗುತ್ತಾ ಜೊತೆಗೆ ಇಳಿಯುವುದಕ್ಕಿಂತ ಗೊಣಗದೆ ಇಳಿದರೆ ಲೇಸು. ಬರಲಾಗದ್ದಕ್ಕೆ ಅವರಿಗೆ ಆಗಲೇ ಬೇಕಾದಷ್ಟು ನಾಚಿಕೆಯಾಗಿರುತ್ತದೆ.

ಕೆಳಗೇ ಕೂತವರಿಗೆ ನೋಡಲು ಏನೂ ಇಲ್ಲವೆಂದಲ್ಲ. ಅಲಕನಂದೆಯ ಆಚೆ ದಡದಲ್ಲಿ, ಮಾಣಾದ ಎದುರಿಗೆ, ಮಾತಾಮೂರ್ತಿಯ ಚಿಕ್ಕ ಗುಡಿ ಕಾಣುತ್ತದೆ. ನರನಾರಾಯಣರ ತಾಯಿಯ ಗುಡಿ ಅದು. ಮಗ ಬದರಿಯಲ್ಲಿ ತಪಸ್ಸಿಗೆ ಕೂತ, ತಾಯಿ ಅಲ್ಲಿಗೆ ಹೋಗಲಾಗದೆ ಇಲ್ಲೇ ಉಳಿದಳು ಎನ್ನುತ್ತಾರೆ. ಭಾದ್ರಪದದ ವಾಮನದ್ವಾದಶಿಯ ದಿನ ಬದರಿಯಲ್ಲಿ ಹಗಲಿನ ಪೂಜೆ ಬಿಟ್ಟು, ಸ್ವಾಮಿಯ ಪರವಾಗಿ ಉದ್ಧವನ ಮೂರ್ತಿಯನ್ನು ಪಲ್ಲಕ್ಕಿಯಲ್ಲಿಟ್ಟು, ರಾವಲರೊಡನೆ ಈ ಗುಡಿಗೆ ತರುತ್ತಾರೆ. ಆ ದಿನ ಮಾಣಾದ ಹೆಂಗಸರೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಜಾತ್ರೆಗೆ ಇಳಿಯುತ್ತಾರೆ. ತಾಯಿಯ ಮುಂದೆ ನೈವೇದ್ಯವಾಗುತ್ತದೆ. ಸಂಜೆಯಾಗುವವರೆಗೂ ಮಗ ಅಲ್ಲೇ ಇದ್ದು, ಆಮೇಲೆ ಪಲ್ಲಕ್ಕಿ ಮೂರು ಕಿಲೋಮೀಟರು ನಡೆದು ಬದರಿಗೆ ಮರಳುತ್ತದೆ.